ಬಾರದ ಫೋನನ್ನು ಬಲ್ಲವರಿಗೆ ಒಂದು ಬಿನ್ನವತ್ತಳೆ

ಮಾನ್ಯರೇ,

ಸನ್ಮಾನವೆಂಬುದು ನಮ್ಮ ನಾಡಿನಲ್ಲಿ ಏನನ್ನಾದರೂ ಮಾಡಿದವರಿಗಷ್ಟೇ ಸಲ್ಲುತ್ತ ಬಂದಿದೆ. ಕೆರೆ ಕಟ್ಟಿಸಿದವರು, ಶಾಲೆ ತೆರೆದವರು, ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು ವೇದಿಕೆಯ ಕುರ್ಚಿಗಳನ್ನೆಲ್ಲ ಹಿಡಿದು ಕೂತಿದ್ದಾರೆ. ಈ ಸಂಕುಚಿತ ಪದ್ಧತಿಯ ದೆಸೆಯಿಂದ, ಇನ್ನೂ ಆಗದೇ ಇರುವ ಸಂಗತಿಗಳಿಗಾಗಿ ಹಗಲಿರುಳು ದುಡಿಯುವ ತಮ್ಮಂಥ ಮಹನೀಯರು ಎಲೆಮರೆಯ ಕಾಯಿಯಾಗಿಯೇ ಉಳಿದುಬಿಟ್ಟರೆಂಬುದು ನಮ್ಮ ಬಡಾವಣೆಗೆ ತಟ್ಟಿದ ಕಳಂಕ. ಕಾರ್ಖಾನೆಯ ಬಾಗಿಲನ್ನೇ ಕಾಣದ ಫೋನಿನ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆಂಬುದನ್ನೂ, ಕಂಪನಿಯ ಮಾಲೀಕರಿಗೇ ಗೊತ್ತಿಲ್ಲದ ವಾಚಿನ ಬೆಲೆ ಎಷ್ಟೆಂಬುದನ್ನೂ, ಶೂಟಿಂಗ್ ಮುಗಿಯದ ಸಿನಿಮಾ ಯಾವ ಒಟಿಟಿಗೆ ಯಾವ ಶುಕ್ರವಾರ ಬಂದಿಳಿಯುತ್ತದೆಂಬುದನ್ನೂ ಬೆಳಗಿನ ಕಾಫಿ ಆರುವುದರೊಳಗೆ ಅಸಂದಿಗ್ಧವಾಗಿ ಹೇಳಬಲ್ಲ ತಮ್ಮನ್ನು ಗೌರವಿಸಿ, ಆ ಮೂಲಕ ನಮ್ಮನ್ನು ನಾವೇ ಗೌರವಿಸಿಕೊಳ್ಳಲು ಇಂದು ಈ ಸಮುದಾಯ ಭವನದಲ್ಲಿ ನೆರೆದಿದ್ದೇವೆ.

ತ್ರಿಕಾಲಜ್ಞರೇ,

ಆದದ್ದನ್ನು ಇತಿಹಾಸಕಾರರು ಬಲ್ಲರು, ಆಗುತ್ತಿರುವುದನ್ನು ವರದಿಗಾರರು ಬಲ್ಲರು. ಆಗಲಿರುವುದನ್ನು ಬಲ್ಲವರು ತಾವು. ಅದು ಆಗದೇ ಹೋದ ಮೇಲೂ ಬಲ್ಲವರಾಗಿಯೇ ಉಳಿಯುವ ಧೀಮಂತಿಕೆ ತಮ್ಮ ಪರಂಪರೆಯ ಸೊತ್ತು. ಆ ಪರಂಪರೆಯ ಪೂರ್ವಸೂರಿಗಳನ್ನು ಈ ಶುಭ ಸಂದರ್ಭದಲ್ಲಿ ನೆನೆಯದಿದ್ದರೆ ಅಪಚಾರವಾದೀತು.

2009ರಲ್ಲಿ ಆ್ಯಪಲ್ ಕಂಪನಿ ಸಂಗೀತಕ್ಕೆ ಸಂಬಂಧಪಟ್ಟ ಸಮಾರಂಭವೊಂದನ್ನು ಸೆಪ್ಟೆಂಬರ್ 9ಕ್ಕೆ ಗೊತ್ತುಮಾಡಿತು. ಅದೇ ದಿನ ಬೀಟಲ್ಸ್ ತಂಡದ ಹಾಡುಗಳ ಪರಿಷ್ಕೃತ ಸಿ.ಡಿ.ಗಳು ಅಂಗಡಿಗೆ ಬರುವುದಿತ್ತು. ಒಂಬತ್ತನೆಯ ಇಸವಿ, ಒಂಬತ್ತನೆಯ ತಿಂಗಳು, ಒಂಬತ್ತನೆಯ ತಾರೀಖು. ಮೂರು ಒಂಬತ್ತುಗಳು ಒಂದೇ ಸಾಲಿನಲ್ಲಿ ಕೂಡಿದ ಮೇಲೆ ಬೀಟಲ್ಸ್ ಆ್ಯಪಲ್ಲಿನ ಹಾಡಿನಂಗಡಿಯಾದ ಐಟ್ಯೂನ್ಸ್‌ಗೆ ಬಾರದೆ ಇದ್ದೀತೇ ಎಂದು ಬಲ್ಲವರೆಲ್ಲ ತೀರ್ಮಾನಿಸಿದರು. ಬೀಟಲ್ಸ್ ಬಂದದ್ದು ಮರುವರ್ಷದ ನವೆಂಬರ್ 16ರಂದು, ಅಂಕಿಗಳ ಯಾವ ಸೊಬಗೂ ಇಲ್ಲದ ಒಂದು ಮಂಗಳವಾರ. ದಿನವನ್ನು ಆರಿಸುವುದರಲ್ಲಿ ಕಂಪನಿಗೆ ಅಭಿರುಚಿ ಸಾಲದೆಂಬುದು ಇದರಿಂದ ಸಾಬೀತಾಯಿತೇ ಹೊರತು ಊಹೆಗೆ ಕಿಂಚಿತ್ತೂ ಕುಂದು ಬರಲಿಲ್ಲ.

ಈ ನಡುವೆ ಐಪ್ಯಾಡಿನ ಸರದಿ. ಅದರ ಬೆಲೆ ಸಾವಿರ ಡಾಲರಿನ ಆಸುಪಾಸಿನಲ್ಲಿರುತ್ತದೆಂದು ತಮ್ಮವರು ಮೊದಲೇ ಹೇಳಿಟ್ಟಿದ್ದರು. 2010ರ ಜನವರಿ 27ರಂದು ಸ್ಟೀವ್ ಜಾಬ್ಸ್ ಬೆಲೆ 499 ಡಾಲರಿನಿಂದ ಶುರು ಎಂದಾಗ ಸಭೆ ಹರ್ಷೋದ್ಗಾರ ಮಾಡಿತು. ಐನೂರು ಡಾಲರು ಕಡಿಮೆಯೆಂದು ಇಡೀ ಸಭೆಗೆ ಅನ್ನಿಸಿದ್ದು ಯಾರ ಪುಣ್ಯದಿಂದ? ಸಾವಿರವೆಂದು ಮೊದಲೇ ಹೇಳಿಟ್ಟ ತಮ್ಮವರ ಪುಣ್ಯದಿಂದ. ಕೊಳ್ಳುವವರ ಪರವಾಗಿ ಇಷ್ಟು ಎತ್ತರಕ್ಕೆ ಬೆಲೆ ಏರಿಸಿಟ್ಟು, ಮಾರುವವರನ್ನು ಉದಾರಿಗಳನ್ನಾಗಿ ಮಾಡಿದ ಕೀರ್ತಿ ವಾಣಿಜ್ಯದ ಇತಿಹಾಸದಲ್ಲಿ ಬೇರೆ ಯಾರಿಗಿದೆ?

2011ರಲ್ಲಂತೂ ತಮ್ಮ ಪರಂಪರೆ ಉತ್ತುಂಗವನ್ನೇ ಮುಟ್ಟಿತು. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು, ನೀರ ಹನಿಯ ಆಕಾರದ ಐಫೋನ್ 5 ಬರುತ್ತಿದೆಯೆಂಬ ವಾರ್ತೆಯನ್ನು ನಂಬಿ ಕೆಲವು ತಯಾರಕರು ಆ ಆಕಾರದ ಬ್ಯಾಕ್ ಕವರುಗಳನ್ನೇ ಅಚ್ಚು ಹಾಕಿಸಿದರು. ಅಕ್ಟೋಬರ್ 4ರಂದು ಬಂದದ್ದು ಐಫೋನ್ 4ಎಸ್. ಹಿಂದಿನ ವರ್ಷದ ಫೋನಿನ ಪಡಿಯಚ್ಚು. ಫೋನು ಹುಟ್ಟಲಿಲ್ಲ, ಕವರು ಹುಟ್ಟಿತು. ಬರಿಯ ಮಾತಿನಿಂದ ಪ್ಲಾಸ್ಟಿಕ್ಕನ್ನು ಸೃಷ್ಟಿಸುವ ಈ ಸಾಮರ್ಥ್ಯವನ್ನು ನಮ್ಮ ಪುರಾಣಗಳು ಬ್ರಹ್ಮನಿಗೆ ಮಾತ್ರ ಬಿಟ್ಟುಕೊಟ್ಟಿವೆ.

ಪ್ರಮಾಣಕೋವಿದರೇ,

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಮ್ಮ ನೈಯಾಯಿಕರು ನಾಲ್ಕೇ ನಾಲ್ಕು ಪ್ರಮಾಣಗಳನ್ನು ಒಪ್ಪಿ ಸುಮ್ಮನಾದರು. ಐದನೆಯದಾಗಿ ಮಸುಕು ಫೋಟೊವನ್ನು ಸೇರಿಸಿ ಆ ಶಾಸ್ತ್ರದ ಕೊರತೆಯನ್ನು ತುಂಬಿಕೊಟ್ಟವರು ತಾವು. ಫೋಟೊ ಸ್ಪಷ್ಟವಾಗಿದ್ದರೆ ಯಾರೋ ಕಂಪ್ಯೂಟರಿನಲ್ಲಿ ಬಿಡಿಸಿದ್ದೆಂದು ತಳ್ಳಿಹಾಕುವಿರಿ. ಮಸುಕಾಗಿದ್ದರೆ ಒಳಗಿನವರು ಹೆದರಿ ಹೆದರಿ ತೆಗೆದದ್ದೆಂದು ತಲೆದೂಗುವಿರಿ. ಕಾಣದಿರುವುದೇ ಇರುವುದಕ್ಕೆ ಸಾಕ್ಷಿಯೆಂಬ ಈ ಸಿದ್ಧಾಂತಕ್ಕೆ ಉಪನಿಷತ್ತಿನ ಗಾಂಭೀರ್ಯವಿದೆ.

ಇದಕ್ಕೆ ಲೋಕವಿಖ್ಯಾತವಾದ ನಿದರ್ಶನ 2012ರ ಆಗಸ್ಟಿನಲ್ಲಿ ದೊರೆಯಿತು. ಸ್ವೀಡನ್ನಿನ ವಿನ್ಯಾಸ ಸಂಸ್ಥೆಯೊಂದು, ಯಾವ ಸ್ಕ್ರೂಡ್ರೈವರಿಗೂ ಜಗ್ಗದ ಓರೆಕೋರೆ ತಲೆಯ ಸ್ಕ್ರೂ ಒಂದನ್ನು ಕಂಪ್ಯೂಟರಿನಲ್ಲಿ ಬರೆದು, ಅದರ ಚಿತ್ರವನ್ನು ತನಗೆ ತಾನೇ ಇಮೇಲ್ ಕಳಿಸಿಕೊಂಡು, ಆ ಪರದೆಯ ಫೋಟೊ ತೆಗೆದು ಇಂಟರ್‌ನೆಟ್ಟಿಗೆ ಬಿಟ್ಟಿತು: ಆ್ಯಪಲ್ ಇನ್ನು ಮುಂದೆ ತನ್ನ ಸಾಧನಗಳನ್ನು ಯಾರೂ ಬಿಚ್ಚದಂತೆ ಇಂಥ ಸ್ಕ್ರೂ ಹಾಕಲಿದೆಯಂತೆ. ಸುದ್ದಿ ಹೊಳೆ ದಾಟಿತು, ಕಡಲು ದಾಟಿತು. ಮೂಲದಿಂದ ದೂರ ಸಾಗಿದಷ್ಟೂ ‘ಇರಬಹುದು’ ಕಳಚಿಬಿದ್ದು ‘ಇದೆ’ ಗಟ್ಟಿಯಾಯಿತು. ಕೊನೆಗೆ ಆ ಸಂಸ್ಥೆಯವರೇ ಇದು ತಮ್ಮ ಪ್ರಯೋಗವೆಂದು ಬಾಯಿಬಿಟ್ಟರು. ಸಾಮಾನ್ಯರಾಗಿದ್ದರೆ ತಲೆ ತಗ್ಗಿಸುತ್ತಿದ್ದರು. ತಮ್ಮ ಬಳಗ ತಲೆ ತಗ್ಗಿಸಿದ್ದು ಮುಂದಿನ ಲೀಕ್ ಓದಲಿಕ್ಕೆ.

ನಭೋಮಂಡಲವೂ ತಮ್ಮ ದೃಷ್ಟಿಯಿಂದ ತಪ್ಪಿಸಿಕೊಂಡಿಲ್ಲ. ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಆರನೆಯ ಆಟದ ಎರಡನೇ ಟ್ರೇಲರ್ ಯಾವಾಗ ಬರುತ್ತದೆಂದು ಲೋಕ ಕಂಗೆಟ್ಟಿದ್ದಾಗ, ಆ ಆಟದ ಕಂಪನಿ ಹೊರಬಿಟ್ಟಿದ್ದ ಚಿತ್ರದ ಮೂಲೆಯಲ್ಲಿದ್ದ ಚಂದ್ರನ ಕಲೆಗಳನ್ನು ಎಣಿಸಿ 2024ರ ನವೆಂಬರ್ 22 ಎಂದು ತಮ್ಮವರು ತಿಥಿ ಕಟ್ಟಿದರು. ಟ್ರೇಲರ್ ಬಂದದ್ದು 2025ರ ಮೇ 6ಕ್ಕೆ. ಚಂದ್ರನನ್ನು ನಂಬಿ ಲೆಕ್ಕ ಹಾಕಿದವರು ಚಾಂದ್ರಮಾನದವರು, ಕಂಪನಿಯವರು ಸೌರಮಾನದವರು; ವ್ಯತ್ಯಾಸ ಬಂದದ್ದು ಸಂಪ್ರದಾಯದಲ್ಲಿ, ಗಣಿತದಲ್ಲಲ್ಲವೆಂದು ಅಭಿನಂದನಾ ಸಮಿತಿ ಒಮ್ಮತದಿಂದ ನಂಬಿದೆ.

ಇಂಥ ಪ್ರಮಾಣಜ್ಞಾನ ನಮ್ಮ ದೇಶದಲ್ಲಿಯೂ ಹುಲುಸಾಗಿ ಬೆಳೆದಿದೆಯೆಂದು ಹೇಳಲು ಹೆಮ್ಮೆಯಾಗುತ್ತದೆ. 2016ರ ಫೆಬ್ರವರಿಯಲ್ಲಿ ನೊಯಿಡಾದ ಕಂಪನಿಯೊಂದು ‘ಫ್ರೀಡಂ 251’ ಎಂಬ ಸ್ಮಾರ್ಟ್‌ಫೋನನ್ನು ಬರೀ 251 ರೂಪಾಯಿಗೆ ಕೊಡುವುದಾಗಿ ಸಾರಿತು. ಪತ್ರಕರ್ತರ ಕೈಗೆ ಕೊಟ್ಟ ಮಾದರಿ ಫೋನುಗಳ ನೆತ್ತಿಯಲ್ಲಿ ಬೇರೊಂದು ಕಂಪನಿಯ ಹೆಸರಿತ್ತು. ಅದರ ಮೇಲೆ ವೈಟ್ನರ್ ಬಳಿದಿತ್ತು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹುಡುಗರು ತಪ್ಪು ಅಳಿಸಲು ಹಚ್ಚುವ ಅದೇ ವೈಟ್ನರ್. ಅನುಮಾನದ ಪಿಶಾಚಿ ಹಿಡಿದವರು ಉಗುರಿನಿಂದ ಕೆರೆದು ನೋಡಿದರು. ಶ್ರದ್ಧಾವಂತರು ಮಾತ್ರ ಕೆರೆಯಲಿಲ್ಲ, ಬುಕ್ ಮಾಡಿದರು. ಏಳು ಕೋಟಿಗೂ ಮೀರಿ ನೋಂದಣಿ ಬಂತೆಂದು ಕಂಪನಿಯೇ ಹೇಳಿಕೊಂಡಿತು. ಮೊದಲ ದಿನವೇ ಅದರ ವೆಬ್‌ಸೈಟು ಭಾರ ತಾಳಲಾರದೆ ಕುಸಿಯಿತು. ಒಂದು ಮಸಾಲೆದೋಸೆ, ಒಂದು ಕಾಫಿ, ಒಂದು ಸಿನಿಮಾ ಟಿಕೇಟಿನ ದುಡ್ಡಿಗೆ ಸ್ಮಾರ್ಟ್‌ಫೋನು ಹೇಗೆ ಬಂದೀತೆಂಬ ಕ್ಷುದ್ರ ಪ್ರಶ್ನೆ ಕೇಳದ ಆ ಮಹಾಜನತೆಯ ಮುಂದಾಳುಗಳಲ್ಲಿ ತಾವೂ ಒಬ್ಬರಾಗಿದ್ದಿರಿ. ತಮ್ಮ ಮನೆಯವರಿಗೆಲ್ಲ ಸೇರಿಸಿ ಐದು ಬುಕ್ ಮಾಡಲು ಇಡೀ ರಾತ್ರಿ ರಿಫ್ರೆಶ್ ಒತ್ತುತ್ತ ಕುಳಿತಿದ್ದ ದೃಶ್ಯ ನಮ್ಮ ಕಣ್ಣಿಗೆ ಕಟ್ಟಿದಂತಿದೆ.

ಪರಾರ್ಥಜೀವಿಗಳೇ,

ದೊಡ್ಡ ಕಂಪನಿಗಳು ಜಾಹೀರಾತಿಗೆಂದು ನೀರಿನಂತೆ ಹಣ ಚೆಲ್ಲುತ್ತವೆ. ನಟರಿಗೆ, ಕ್ರಿಕೆಟಿಗರಿಗೆ, ಹೆದ್ದಾರಿಯ ಹೋರ್ಡಿಂಗಿಗೆ ಕಾಸು ತೆರುತ್ತವೆ. ತಮಗೆ ಮಾತ್ರ ಬಿಡಿಗಾಸು ತೆರುವುದಿಲ್ಲ. ತಾವು ಕೇಳುವುದೂ ಇಲ್ಲ. ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿದ್ದು, ಆಮಂತ್ರಣಪತ್ರದ ಬಣ್ಣ ಯಾಕೆ ನೇರಳೆ, ಅಂಚಿನ ಗೆರೆ ಯಾಕೆ ಬಾಗಿದೆ ಎಂದು ವಿವರಿಸಿ ಮೂರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಿ, ಬೆಳಿಗ್ಗೆ ಆಫೀಸಿನ ಕ್ಯಾಂಟೀನಿನಲ್ಲಿ ಅದನ್ನೇ ಮತ್ತೊಮ್ಮೆ ವಿವರಿಸಿ, ಬಿಡುಗಡೆಯ ದಿನ ಬರುವಷ್ಟರಲ್ಲಿ ಊರಿಗೆ ಊರೇ ಬಾಯಿ ಬಿಟ್ಟು ನಿಲ್ಲುವಂತೆ ಮಾಡಿ, ಕೊನೆಗೆ ಆ ಫೋನನ್ನು ತಾವೇ ಇಎಂಐ ಮೇಲೆ ಕೊಂಡು, ತಾವು ಪುಕ್ಕಟೆಯಾಗಿ ಮಾಡಿದ ಪ್ರಚಾರಕ್ಕೆ ಇಪ್ಪತ್ತನಾಲ್ಕು ಕಂತುಗಳಲ್ಲಿ ಬಡ್ಡಿಸಮೇತ ಹಣ ಕಟ್ಟುವಿರಿ. ನಿಷ್ಕಾಮಕರ್ಮದ ಇಂಥ ಉಜ್ವಲ ಮಾದರಿಯನ್ನು ಕುರುಕ್ಷೇತ್ರದಲ್ಲಿಯೂ ಕಾಣೆವು.

ತಮ್ಮ ಬಾಯಿಮಾತಿಗೆ ಷೇರುಪೇಟೆಯೂ ತಲೆಬಾಗುತ್ತದೆ. 2007ರ ಮೇ 16ರಂದು, ಐಫೋನ್ ಜೂನಿಗೆ ಬರುವುದಿಲ್ಲ, ಅಕ್ಟೋಬರಿಗೆ ಹೋಗಿದೆ ಎಂಬ ಸುಳ್ಳು ಇಮೇಲನ್ನು ನಂಬಿ ಎಂಗ್ಯಾಜೆಟ್ ತಾಣ ಸುದ್ದಿ ಹಾಕಿತು. ಕೆಲವೇ ನಿಮಿಷಗಳಲ್ಲಿ ಆ್ಯಪಲ್ಲಿನ ಷೇರುಮೌಲ್ಯದಲ್ಲಿ ಸುಮಾರು 400 ಕೋಟಿ ಡಾಲರು ಕರಗಿತು. ಸುದ್ದಿ ಸುಳ್ಳೆಂದು ತಿಳಿದೊಡನೆ ಬಹುಪಾಲು ಹಿಂದಿರುಗಿತು. ನಡುವಿನ ಆ ನಿಮಿಷಗಳಲ್ಲಿ ಹೆದರಿ ಮಾರಿದವರ ಹಣ ಮಾತ್ರ ಹಿಂದಿರುಗಲಿಲ್ಲ. ಅವರ ತ್ಯಾಗವೂ ತಮ್ಮ ಪರಂಪರೆಯ ಲೆಕ್ಕಕ್ಕೇ ಸೇರತಕ್ಕದ್ದು.

ಕಾಯುವವರ ಬಲವೇನೆಂಬುದಕ್ಕೆ ಇನ್ನೂ ಹಳೆಯ ಶಾಸನವಿದೆ. 1981ರಲ್ಲಿ ಕ್ಯಾಲಿಫೋರ್ನಿಯದ ಆಸ್ಬೋರ್ನ್ ಕಂಪನಿ ಸೂಟ್‌ಕೇಸಿನಂತೆ ಹೊತ್ತೊಯ್ಯಬಹುದಾದ ಕಂಪ್ಯೂಟರನ್ನು ಮಾರಿ ಹೆಸರು ಮಾಡಿತು. 1983ರಲ್ಲಿ ಇದಕ್ಕಿಂತ ಉತ್ತಮವಾದದ್ದು ಬರುತ್ತಿದೆಯೆಂದು ತಾನೇ ಸಾರಿತು. ಗಿರಾಕಿಗಳು ಇರುವುದನ್ನು ಬಿಟ್ಟು ಬರುವುದಕ್ಕೆ ಕಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ ಎದ್ದಿತು. ವ್ಯಾಪಾರಶಾಸ್ತ್ರದವರು ಇಂದಿಗೂ ಈ ಕಥೆಯನ್ನು ಕಂಪನಿಯ ಅವಿವೇಕವೆಂದು ಪಾಠ ಮಾಡುತ್ತಾರೆ. ಕಾಯುವವರ ತಪಶ್ಶಕ್ತಿಯೆಂದು ಪಾಠ ಮಾಡುವ ದಿನ ಬರಲೆಂದು ಹಾರೈಸೋಣ.

ಸಂಯಮನಿಧಿಗಳೇ,

ಶಬರಿಯ ತಾಳ್ಮೆಯನ್ನು ಜನ ಕೊಂಡಾಡುತ್ತಾರೆ. ಆಕೆಗೆ ರಾಮ ಬಂದ ದಿನ ಕಾಯುವ ಕೆಲಸ ಮುಗಿದುಹೋಯಿತೆಂಬ ಕೊರತೆಯನ್ನು ಯಾರೂ ಗಮನಿಸಿಲ್ಲ. ತಾವಾಗಿದ್ದರೆ ರಾಮನನ್ನು ಬಾಗಿಲಲ್ಲೇ ನಿಲ್ಲಿಸಿ, ಮುಂದಿನ ಅವತಾರದಲ್ಲಿ ಕೊಳಲೂ ಸೇರಿ ಬರುತ್ತದಂತೆ ಎಂದು ಬೋರೆಹಣ್ಣಿನ ಬುಟ್ಟಿಯನ್ನು ಒಳಗೆ ಒಯ್ಯುತ್ತಿದ್ದಿರಿ.

ತಮ್ಮ ಕೈಯಲ್ಲಿರುವ ಫೋನೇ ಈ ಸಂಯಮಕ್ಕೆ ಸಾಕ್ಷಿ. ಅದರ ಗಾಜು ಎಡಮೂಲೆಯಿಂದ ಬಲಮೂಲೆಗೆ ಸೀಳಿ, ಸೆಲೊಟೇಪಿನ ಆಧಾರದಲ್ಲಿ ನಿಂತಿದೆ. ಚಾರ್ಜರಿನ ಪಿನ್ನನ್ನು ಓರೆಯಾಗಿ ಚುಚ್ಚಿ, ಅದು ಅಲುಗದಂತೆ ಮೇಲೆ ಪಂಚಾಂಗ ಹೇರಿಟ್ಟರೆ ಮಾತ್ರ ವಿದ್ಯುತ್ತು ಹರಿಯುತ್ತದೆ. ಮನೆಯವರು ಫೋನು ಮಾಡಿದರೆ ತಮ್ಮ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಬಾರದ ಫೋನಿನ 200 ಮೆಗಾಪಿಕ್ಸೆಲ್ ಕ್ಯಾಮೆರಾದ ಗುಣದೋಷಗಳನ್ನು ಈ ಫೋನಿನ ಒಡಕಿನ ಸಂದಿಯಲ್ಲೇ ಓದಿ ಹೇಳುವ ತಮ್ಮ ಏಕಾಗ್ರತೆಗೆ ಹೋಲಿಕೆಯೇ ಇಲ್ಲ.

ಈ ಸಂಯಮವನ್ನು ತಾವು ಸ್ವಾರ್ಥಿಯಾಗಿ ಇಟ್ಟುಕೊಳ್ಳದೆ ನೆರೆಹೊರೆಗೂ ಹಂಚಿದ್ದೀರಿ. ಪಕ್ಕದ ಮನೆಯ ನಿವೃತ್ತ ಮೇಷ್ಟರು ಒಂದು ಭಾನುವಾರ ತಮ್ಮ ಗೇಟಿನ ಬಳಿ ಬಂದು ಕೇಳಿದ್ದು ಬಡಾವಣೆಯವರಿಗೆಲ್ಲ ಗೊತ್ತು.

“ಮೊಮ್ಮಗು ಈಗ ಅಂಬೆಗಾಲಿಡ್ತಿದೆಯಂತೆ ಕಣಪ್ಪ. ಮಗಳು ವಿಡಿಯೊ ಕಾಲ್ ಮಾಡಿದ್ರೆ ಇದ್ರಲ್ಲಿ ಮುಖಾನೇ ಕಾಣಲ್ಲ. ಹದಿನೈದು ಸಾವಿರದೊಳಗೆ ಒಂದು ಫೋನು ಹೇಳು.”

“ಈಗ ಮಾತ್ರ ತಗೋಬೇಡಿ ಮೇಷ್ಟ್ರೇ. ಇನ್ನೆರಡು ತಿಂಗಳಿಗೆ ಹೊಸ ಚಿಪ್ ಬರ್ತಿದೆ. ಹಳೇದರ ರೇಟು ತಾನಾಗೇ ಇಳಿಯುತ್ತೆ.”

ಎರಡು ತಿಂಗಳಾಯಿತು. ದಸರಾ ಸೇಲಿಗೆ ಮುಂಚೆ ಕೊಂಡರೆ ನಷ್ಟ ಎಂದಿರಿ. ದಸರಾ ಬಂತು, ದೀಪಾವಳಿಗೆ ಎಕ್ಸ್‌ಚೇಂಜ್ ಆಫರ್ ಇನ್ನೂ ಚೆನ್ನಾಗಿರುತ್ತದೆ ಎಂದಿರಿ. ದೀಪಾವಳಿಯಾದ ಮೇಲೆ ಬಜೆಟ್ಟಿನಲ್ಲಿ ಸುಂಕ ಇಳಿಯುವ ಸೂಚನೆಯಿದೆ ಎಂದಿರಿ. ಮಗು ಎದ್ದು ನಿಂತಿತು, ನಡೆಯಿತು, ಓಡಿತು, ತಾತ ಎಂದಿತು. ಮೇಷ್ಟರು ಆ ಕಡೆಯ ದನಿ ಕೇಳುತ್ತ ಮಸುಕು ಪರದೆಗೆ ಕೈಬೀಸಿದರು. ಕೊನೆಗೊಂದು ದಿನ ಅವರ ಫೋನು ಪೂರಾ ಕಣ್ಣು ಮುಚ್ಚಿದಾಗ, ತಮ್ಮನ್ನು ಒಂದು ಮಾತೂ ಕೇಳದೆ ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗಿ, ಅಂಗಡಿಯ ಹುಡುಗ ಕೊಟ್ಟದ್ದನ್ನು ಕೊಂಡು ತಂದುಬಿಟ್ಟರು. ಅದರಲ್ಲಿ ಮಗುವಿನ ಹಾಲುಹಲ್ಲು ಕೂಡ ಕಾಣುತ್ತದಂತೆ. “ಇನ್ನೊಂದು ವಾರ ತಡೆದಿದ್ರೆ ಎಂಟುನೂರು ರೂಪಾಯಿ ಉಳೀತಿತ್ತಲ್ಲ ಮೇಷ್ಟ್ರೇ” ಎಂದು ತಾವು ಮರುಗಿದ್ದನ್ನು ಕೇಳಿ ಮನೆಮನೆಯಲ್ಲೂ ಜನ ಕಣ್ಣೀರು ಮಿಡಿದರು. ಮೇಷ್ಟರ ಅವಸರವನ್ನು ಈ ಸಭೆ ಕ್ಷಮಿಸಲಿ.

ಮಾಧ್ಯಮಮರ್ಮಜ್ಞರೇ,

ಸಾಧನಗಳಲ್ಲಿ ತೋರಿದ ಪ್ರತಿಭೆಯನ್ನೇ ತಾವು ಹಾಡು ಮತ್ತು ಸಿನಿಮಾದ ಸೇವೆಗಳಲ್ಲೂ ಮೆರೆದಿದ್ದೀರಿ. 2021ರ ಫೆಬ್ರವರಿಯಲ್ಲಿ ಸ್ಪಾಟಿಫೈ ಕಂಪನಿ, ಸಿ.ಡಿ. ಗುಣಮಟ್ಟದ ‘ಹೈಫೈ’ ಸೇವೆಯನ್ನು ಆ ವರ್ಷದೊಳಗೇ ಕೊಡುವುದಾಗಿ ಹೇಳಿತು. ಆ ವರ್ಷ ಹೋಯಿತು, ಮುಂದಿನದೂ ಹೋಯಿತು. ‘ಲಾಸ್‌ಲೆಸ್’ ಎಂಬ ನಷ್ಟವಿಲ್ಲದ ಸಂಗೀತ ಕೊನೆಗೆ ಬರತೊಡಗಿದ್ದು 2025ರ ಸೆಪ್ಟೆಂಬರಿನಲ್ಲಿ. ನಡುವಿನ ನಾಲ್ಕೂವರೆ ವರ್ಷ ತಾವು, ಆ್ಯಪ್‌ನ ಒಳಗಿನ ಸಂಕೇತಗಳಲ್ಲಿ ಹೊಸ ಐಕಾನೊಂದು ಕಾಣಿಸಿತೆಂದೂ, ಬೆಲೆ ಇಷ್ಟಿರುತ್ತದೆಂದೂ, ಮುಂದಿನ ತಿಂಗಳು ಖಂಡಿತವೆಂದೂ ಬಿಡದೆ ತಿಳಿಸುತ್ತ ಬಂದಿರಿ. ಆ ಸೂಕ್ಷ್ಮ ನಾದವನ್ನು ಸವಿಯಲೆಂದೇ ಎರಡು ವರ್ಷ ಮೊದಲು ಕೊಂಡಿದ್ದ ತಮ್ಮ ದುಬಾರಿ ಹೆಡ್‌ಫೋನಿನ ಕಿವಿಮೆತ್ತೆ, ನಾದ ಬರುವ ಹೊತ್ತಿಗೆ ಪುಡಿಪುಡಿಯಾಗಿ ಉದುರಿತ್ತು. ನಾದಕ್ಕೆ ನಷ್ಟವಾಗಲಿಲ್ಲವಷ್ಟೆ.

ಕನ್ನಡ ಚಿತ್ರರಂಗಕ್ಕೆ ತಾವು ಸಲ್ಲಿಸಿದ ಸೇವೆ ಪ್ರತ್ಯೇಕ ಅಧ್ಯಾಯಕ್ಕೆ ಯೋಗ್ಯ. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂತು. ಊರಿನ ಜನ ಟಾಕೀಸಿನ ಮುಂದೆ ಸಾಲು ನಿಂತಿದ್ದಾಗ, ಅದು ನವೆಂಬರ್ ಮೊದಲ ವಾರವೇ ಒಟಿಟಿಗೆ ಬರುತ್ತದೆಂಬ ಒಳಸುದ್ದಿಯನ್ನು ಸಾಲಿನಲ್ಲಿ ನಿಂತವರಿಗೇ ಹೇಳಿ, ಟಿಕೇಟಿನ ಖರ್ಚಿನಿಂದ ಅವರನ್ನು ಪಾರುಮಾಡಲು ತಾವು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಮೊಬೈಲಿಗೆ ಅದು ಬಂದದ್ದು ನವೆಂಬರ್ 24ಕ್ಕೆ, ಅದೂ ಕೋರ್ಟಿನ ತಕರಾರಿನ ದೆಸೆಯಿಂದ ‘ವರಾಹ ರೂಪಂ’ ಹಾಡಿಗೆ ಬೇರೆ ರಾಗ ಹೊದಿಸಿಕೊಂಡು. ಮೈನವಿರೇಳಿಸುವ ಆ ಕೊನೆಯ ಭಾಗವನ್ನು ತಾವು ಬಸ್ಸಿನ ಕಿಟಕಿಯ ಬಳಿ ಕೂತು, ಅಂಗೈಯಗಲದ ಪರದೆಯಲ್ಲಿ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಮಧ್ಯೆ ಎರಡು ಸಲ ನೆಟ್‌ವರ್ಕ್ ಹೋಗಿ ಬಂದ ನಡುವೆ ನೋಡಿ, ‘ಪರವಾಗಿಲ್ಲ, ಅಂಥ ವಿಶೇಷವೇನಿಲ್ಲ’ ಎಂದು ತೀರ್ಪು ಕೊಟ್ಟಿರಿ. ಟಾಕೀಸಿಗೆ ಹೋಗಿ ಮೊದಲೇ ಮರುಳಾದವರಿಗೆ ಈ ನಿಷ್ಪಕ್ಷಪಾತ ಎಲ್ಲಿ ಸಾಧ್ಯ?

ಊಹೆಯೇ ಬಂಡವಾಳವೆಂದು ತೋರಿಸಿಕೊಟ್ಟ ಪ್ರಸಂಗವೂ ನಡೆದಿದೆ. ಜಿಯೊ ಮತ್ತು ಹಾಟ್‌ಸ್ಟಾರ್ ಒಂದಾಗಬಹುದೆಂದು ಮೊದಲೇ ಎಣಿಸಿದ ದೆಹಲಿಯ ಯುವಕನೊಬ್ಬ ಆ ಜೋಡಿ ಹೆಸರಿನ ಜಾಲವಿಳಾಸವನ್ನು ಕೊಂಡಿಟ್ಟು, 2024ರ ಅಕ್ಟೋಬರಿನಲ್ಲಿ, ವಿಳಾಸ ಬೇಕಾದರೆ ತನ್ನ ಕೇಂಬ್ರಿಜ್ ವಿದ್ಯಾಭ್ಯಾಸದ ಖರ್ಚು ಕೊಡಿರೆಂದು ಅದರಲ್ಲೇ ಬರೆದು ಹಾಕಿದ. 2025ರ ಫೆಬ್ರವರಿ 14ರಂದು ಜಿಯೊಹಾಟ್‌ಸ್ಟಾರ್ ನಿಜಕ್ಕೂ ಬಂತು. ಅಷ್ಟರಲ್ಲಿ ವಿಳಾಸ ಬೇರೆಯವರ ಕೈ ಸೇರಿತ್ತು. ಅವರು ಅದನ್ನು ಪುಕ್ಕಟೆ ಕೊಡುವುದಾಗಿ ಹೇಳಿದರು. ತಮ್ಮ ಬಳಗದಲ್ಲಿ ಊಹೆ ನಿಜವಾದ ಅತ್ಯಪರೂಪದ ಉದಾಹರಣೆ ಇದು. ಅದರ ಪ್ರತಿಫಲವೂ ಸುಳ್ಳಾದ ಊಹೆಗಳ ಪ್ರತಿಫಲದಷ್ಟೇ ಇತ್ತೆಂಬುದರಲ್ಲಿ ಎಂಥ ಸಮದರ್ಶಿತ್ವ!

ನಾಡಾಭಿಮಾನಿಗಳೇ,

ಐಫೋನು ಇಂದು ಪರದೇಶದ ವಸ್ತುವಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಅದನ್ನು ಜೋಡಿಸುತ್ತಾರೆ. ದೇವನಹಳ್ಳಿಯ ಕಡೆಯೂ ಫಾಕ್ಸ್‌ಕಾನ್ ಕಾರ್ಖಾನೆ ಎದ್ದಿದೆ. ತಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಹಿಂದಿರುಗುವಷ್ಟು ಹತ್ತಿರ. ಆದರೂ ತಾವು ಸುದ್ದಿಯ ಪಾವಿತ್ರ್ಯಕ್ಕೆ ಭಂಗ ಬಾರದಂತೆ, ತೈವಾನಿನ ವಿಶ್ಲೇಷಕರೊಬ್ಬರು ಇಂಗ್ಲಿಷಿನಲ್ಲಿ ಹೇಳಿದ ಮೇಲೆಯೇ ನಂಬುವಿರಿ. 2020ರ ಡಿಸೆಂಬರ್ 12ರಂದು ನರಸಾಪುರದ ಕಾರ್ಖಾನೆಯಲ್ಲಿ, ಆಗ ಅದು ವಿಸ್ಟ್ರಾನ್ ಕಂಪನಿಯ ಕೈಯಲ್ಲಿತ್ತು, ಸಂಬಳ ಸರಿಯಾಗಿ ಕೊಡುತ್ತಿಲ್ಲವೆಂದು ಕಾರ್ಮಿಕರು ಸಿಡಿದೆದ್ದು ಗಾಜು ಒಡೆದರು. ಅಂದು ಊರೆಲ್ಲ ಸಂಬಳದ ಮಾತಾಡುತ್ತಿದ್ದಾಗ, ಇದರಿಂದ ಮುಂದಿನ ಮಾಡೆಲ್ಲಿನ ಡೆಲಿವರಿ ತಡವಾದೀತೇ ಎಂಬ ಮೂಲಭೂತ ಪ್ರಶ್ನೆಯನ್ನು ಎತ್ತಿದ ಏಕೈಕ ಕನ್ನಡಿಗರು ತಾವು. ಕಂಪನಿಯ ಅಂತರಂಗದ ಗುಟ್ಟುಗಳೆಲ್ಲ ಅಂಗೈ ನೆಲ್ಲಿಯಾದ ತಮಗೆ, ಅದರ ಫೋನು ಜೋಡಿಸುವವರ ತಿಂಗಳ ಸಂಬಳವೆಷ್ಟೆಂಬ ಒಂದೇ ಒಂದು ಲೀಕ್ ಮಾತ್ರ ಇದುವರೆಗೆ ತಲುಪಿಲ್ಲ.

ಕನ್ನಡದ ವಿಷಯದಲ್ಲಿ ತಾವು ತೋರಿದ ಉದಾತ್ತ ನಿರ್ಲಿಪ್ತತೆಯನ್ನಂತೂ ಸುವರ್ಣಾಕ್ಷರಗಳಲ್ಲಿ ಬರೆಯಬೇಕು. ಐಫೋನ್ ಬಂದದ್ದು 2007ರಲ್ಲಿ. ಕಂಪನಿಯೇ ಅದರಲ್ಲಿ ಕನ್ನಡದ ಕೀಲಿಮಣೆ ಇಟ್ಟದ್ದು 2017ರಲ್ಲಿ, ಐಒಎಸ್ 11ರ ಜೊತೆಗೆ. ಆ ಹತ್ತು ವರ್ಷಗಳಲ್ಲಿ ಹೋಂ ಬಟನ್ ಇರುತ್ತದೋ ಹೋಗುತ್ತದೋ, ಹಿಂಬದಿ ಗಾಜಿನದೋ ಲೋಹದ್ದೋ, ಚಿನ್ನದ ಬಣ್ಣ ಬರುತ್ತದೋ ಗುಲಾಬಿಯದೋ ಎಂದು ತಾವು ಊಹಿಸದ ಸಂಗತಿಯೇ ಇರಲಿಲ್ಲ. ನಮ್ಮ ಅಕ್ಷರ ಯಾವಾಗ ಬರುತ್ತದೆಂಬ ಊಹೆಯೊಂದನ್ನು ಮಾತ್ರ, ಕೈಕೆಳಗಿನವರಿಗೆ ಇರಲೆಂದು ಬಿಟ್ಟುಕೊಟ್ಟಿರಿ. 2016ರಲ್ಲಿ ಅಮೆಜಾನಿನ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆರೆದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಆ ವಾರ ತಾವು ಕಿಂಡಲ್ಲಿನ ಮುಂದಿನ ಮಾದರಿಯ ಅಂಚು ಎಷ್ಟು ಮಿಲಿಮೀಟರ್ ತೆಳುವಾಗುತ್ತದೆಂಬ ಚರ್ಚೆಯಲ್ಲಿ ಮಗ್ನರಾಗಿದ್ದಿರಿ. ಓದಲು ಪುಸ್ತಕವಿರಲಿಲ್ಲವೆಂಬುದು ಅಂಚಿನ ಸೌಂದರ್ಯವನ್ನು ಸವಿಯಲು ತಮಗೆ ಒದಗಿದ ಅನುಕೂಲವೇ ಸರಿ.

ಕ್ಷಮಾಶೀಲರೇ,

ತಪ್ಪಿದವರನ್ನು ಕ್ಷಮಿಸುವುದು ದೊಡ್ಡವರ ಲಕ್ಷಣವೆನ್ನುತ್ತಾರೆ. ತಮ್ಮನ್ನು ತಾವೇ ಕ್ಷಮಿಸಿಕೊಳ್ಳುವ ವೇಗದಲ್ಲಿ ತಮ್ಮನ್ನು ಮೀರಿಸಿದ ದೊಡ್ಡವರಿಲ್ಲ. ಅಮೆರಿಕದ ವಿಶ್ಲೇಷಕ ಜೀನ್ ಮನ್‌ಸ್ಟರ್ ಅವರು ಆ್ಯಪಲ್ ಟೆಲಿವಿಷನ್ ಸೆಟ್ಟು ಬಂದೇ ಬರುತ್ತದೆಂದು ವರ್ಷಗಟ್ಟಲೆ ಹೇಳುತ್ತಲೇ ಬಂದರು. 2015ರ ಮೇ ತಿಂಗಳಲ್ಲಿ, ಕಂಪನಿ ಆ ಯೋಜನೆಯನ್ನು ಯಾವಾಗಲೋ ಕೈಬಿಟ್ಟಿದೆಯೆಂದು ವಾಲ್ ಸ್ಟ್ರೀಟ್ ಜರ್ನಲ್ ಬರೆಯಿತು. ಮನ್‌ಸ್ಟರ್ ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡರು. ಇದು ತಮ್ಮ ಪರಂಪರೆಗೆ ಆದ ಏಕೈಕ ಅವಮಾನ. ತಾವು ಅಂಥ ದೌರ್ಬಲ್ಯಕ್ಕೆ ಎಂದೂ ಎಡೆಗೊಟ್ಟವರಲ್ಲ. 2014ರಲ್ಲಿ ಶುರುವಾದ ಆ್ಯಪಲ್ ಕಾರಿನ ಬಾಗಿಲು ಎಷ್ಟು, ಅದರಲ್ಲಿ ಸ್ಟೀರಿಂಗ್ ಇರುತ್ತದೋ ಇಲ್ಲವೋ ಎಂದು ಹತ್ತು ವರ್ಷ ಹೇಳಿ, 2024ರ ಫೆಬ್ರವರಿಯಲ್ಲಿ ಕಂಪನಿ ಆ ಕೆಲಸವನ್ನೇ ನಿಲ್ಲಿಸಿದಾಗ, “ನೋಡಿದ್ರಾ? ಕೊನೇ ಗಳಿಗೇಲಿ ಪ್ಲಾನ್ ಬದಲಾಯಿಸಿಬಿಟ್ರು” ಎಂದು ಕಂಪನಿಯ ಚಂಚಲತೆಯ ಬಗ್ಗೆ ವಿಷಾದ ಸೂಚಿಸಿ, ಬಿಸಿಬೇಳೆಬಾತಿನ ತಟ್ಟೆಯನ್ನು ಮುಂದಕ್ಕೆಳೆದುಕೊಂಡಿರಿ. ನಿಜವಾದರೆ ‘ನಾನು ಹೇಳಿರಲಿಲ್ಲವೇ’, ಸುಳ್ಳಾದರೆ ‘ಅವರು ಬದಲಾಯಿಸಿದರು’. ಎರಡೇ ವಾಕ್ಯಗಳಲ್ಲಿ ಇಡೀ ವಿಶ್ವವನ್ನು ಎದುರಿಸುವ ದರ್ಶನ ಇದು.

ಅಭಿನಂದನೀಯರೇ,

ತಮಗೆ ಹೊದಿಸಲು ಶಾಲು ತರುವುದಕ್ಕೆಂದು ಸಮಿತಿಯ ಇಬ್ಬರು ಸದಸ್ಯರು ಜವಳಿ ಅಂಗಡಿಗೆ ಹೋಗಿದ್ದರು. ಹಣವೂ ಕೈಯಲ್ಲಿತ್ತು, ಶಾಲೂ ಎದುರಿಗಿತ್ತು. ಅಷ್ಟರಲ್ಲಿ ಮುಂದಿನ ತಿಂಗಳು ಹೊಸ ಸ್ಟಾಕು ಬರುತ್ತದೆಂದು, ಅದರ ಜರಿಯಂಚು ಇನ್ನೂ ಅಗಲವೆಂದು ಅಂಗಡಿಯವರು ಹೇಳಿದರಂತೆ. ತಮ್ಮ ಬೋಧನೆ ನಮ್ಮಲ್ಲಿ ವ್ಯರ್ಥವಾಗಿಲ್ಲವೆಂಬುದಕ್ಕೆ ಗುರುತಾಗಿ ಅವರು ಬರಿಗೈಯಲ್ಲಿ ಹಿಂದಿರುಗಿದ್ದಾರೆ. ಇಂದು ಈ ಬಿನ್ನವತ್ತಳೆಯೊಂದನ್ನೇ ಸ್ವೀಕರಿಸಬೇಕಾಗಿ ವಿನಂತಿ.

ಕೊನೆಯದಾಗಿ, ತಮ್ಮ ಶ್ರೇಯೋಭಿವೃದ್ಧಿಗಾಗಿ ಇಷ್ಟನ್ನು ಪ್ರಾರ್ಥಿಸುತ್ತೇವೆ. ತಾವು ಕಾಯುತ್ತಿರುವ ಯಾವ ವಸ್ತುವೂ ತಮ್ಮ ಮನೆಬಾಗಿಲಿಗೆ ಬಾರದಿರಲಿ. ಬಂದರೂ ಅದರ ಡಬ್ಬಿ ಬಿಚ್ಚುವ ಮೊದಲೇ ಅದಕ್ಕಿಂತ ಉತ್ತಮವಾದದ್ದರ ಸುದ್ದಿ ತಮ್ಮನ್ನು ತಲುಪಲಿ. ಕೈಯಲ್ಲಿರುವುದರ ಮೇಲೆ ಒಂದು ಗಳಿಗೆಯೂ ತೃಪ್ತಿಯೆಂಬ ಜಡತ್ವ ತಮ್ಮನ್ನು ಆವರಿಸದಿರಲಿ. ಹೀಗೆಯೇ ನೂರು ವರ್ಷ ತಾವು ಬಾಳುವಂತಾಗಲಿ, ಮತ್ತು ಆ ಬಾಳು ಯಾವಾಗ ಬಿಡುಗಡೆಯಾಗುತ್ತದೆಂದು ಎದುರುನೋಡುತ್ತಲೇ ಇರುವ ಭಾಗ್ಯ ತಮ್ಮದಾಗಲಿ.

ಇಂತಿ ತಮ್ಮ ಗುಣಾನುರಾಗಿಗಳು,
ಬಡಾವಣೆಯ ಸಮಸ್ತ ನಾಗರಿಕರ ಪರವಾಗಿ ಅಭಿನಂದನಾ ಸಮಿತಿ